ಆಪರೇಷನ್ ಆದಮೇಲೆ ಅಪ್ಪ ನಮ್ಮನ್ನೇ ಗುರುತಿಸುತ್ತಿಲ್ಲ, ಇದು ಹೀಗೇ ಉಳಿದುಬಿಡುತ್ತದಾ?

ಪ್ರಶ್ನೆ: ನಮ್ಮ ಅಪ್ಪನಿಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಮಾರನೇ ದಿನವೇ ಆಪರೇಷನ್ ಆಯಿತು, ಪೂರ್ತಿ ಅರಿವಳಿಕೆ ಕೊಟ್ಟಿದ್ದರು. ಅವತ್ತು ಸಂಜೆ ಚೆನ್ನಾಗಿಯೇ ಮಾತಾಡಿದರು. ಎರಡನೇ ರಾತ್ರಿ ಡ್ರಿಪ್ ಸೂಜಿ ಕಿತ್ತು ಹಾಕಿದರು. ಮಂಚದ ಕೆಳಗೆ ನೀರು ಹರಿಯುತ್ತಿದೆ, ಕಿಟಕಿ ಹತ್ತಿರ ಯಾರೋ ನಿಂತಿದ್ದಾರೆ ಅಂತ ಕೂಗಿದರು. ನನ್ನನ್ನು ತೀರಿಹೋದ ಅತ್ತೆಯ ಹೆಸರಿನಿಂದ ಕರೆದರು. ಬೆಳಗ್ಗೆ ಸರಿಯಾದರು, ರಾತ್ರಿ ಮತ್ತೆ ಶುರು. ಒಂದು ರಾತ್ರಿ ಅವರ ಕೈ ಕಟ್ಟಿದರು, ನಿದ್ದೆ ಇಂಜೆಕ್ಷನ್ ಕೊಟ್ಟರು. ಇವತ್ತು ಐದನೇ ದಿನ. ಗಲಾಟೆ ನಿಂತಿದೆ, ಆದರೆ ದಿನವಿಡೀ ಮಂಪರು, ಊಟ ಬೇಡ ಅನ್ನುತ್ತಾರೆ, ನಾವು ಯಾರು ಅಂತ ಗೊತ್ತಾಗುತ್ತಿಲ್ಲ. ಅರಿವಳಿಕೆಯಿಂದ ಮೆದುಳಿಗೆ ಪೆಟ್ಟಾಗಿದೆ ಅಂತ ಅಣ್ಣ, ಅರಳು ಮರಳು ಶುರುವಾಯಿತು ಅಂತ ಚಿಕ್ಕಪ್ಪ. ‘ಈ ವಯಸ್ಸಿಗೆ ಇದೆಲ್ಲ ಮಾಮೂಲು’ ಅಂದರು ಡಾಕ್ಟರ್. ಒಂದು ವರ್ಷದಿಂದ ಅಪ್ಪ ಹೆಸರುಗಳನ್ನು ಮರೆಯುತ್ತಿದ್ದರು, ಆದರೆ ಮನೆಯ ಲೆಕ್ಕಪತ್ರ ಅವರೇ ನೋಡಿಕೊಳ್ಳುತ್ತಿದ್ದರು. ತುಂಬಾ ವರ್ಷದಿಂದ ರಾತ್ರಿ ಒಂದು ನಿದ್ದೆ ಮಾತ್ರೆ ತಗೊಳ್ಳುತ್ತಾರೆ, ಪದೇ ಪದೇ ಮೂತ್ರಕ್ಕೆ ಹೋಗುವುದು ಕಡಿಮೆಯಾಗಲಿ ಅಂತ ಇನ್ನೊಂದು. ಕನ್ನಡಕ, ಕಿವಿ ಮಷೀನು ಮನೆಯಲ್ಲೇ ಇವೆ. ಇದು ಡಿಮೆನ್ಷಿಯಾನಾ? ಸರಿ ಹೋಗುತ್ತಾರಾ? ರಾತ್ರಿಗೆ ಇಂಜೆಕ್ಷನ್ ಕೇಳಬೇಕಾ, ಬೇಡವಾ? ಮನೆಗೆ ಕರೆದುಕೊಂಡು ಹೋದರೆ ಒಳ್ಳೆಯದಾ?

ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಆ ರಾತ್ರಿಯ ಕೂಗಾಟ ಅಲ್ಲ, ‘ಗಲಾಟೆ ನಿಂತಿದೆ, ಆದರೆ ದಿನವಿಡೀ ಮಂಪರು’ ಅನ್ನುವ ಮಾತು. ಅದಕ್ಕೇ ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ನಿಧಾನಕ್ಕೆ ಓದಿ. ಇವತ್ತೇ ವಾರ್ಡಿನ ಡಾಕ್ಟರ ಹತ್ತಿರ ಹೋಗಿ, ‘ನಮ್ಮ ಅಪ್ಪನಿಗೆ ಡಿಲಿರಿಯಂ ಆಗಿರಬಹುದಾ? ಆಗಿದ್ದರೆ ಕಾರಣ ಏನು ಅಂತ ಹುಡುಕಿದ್ದೀರಾ?’ ಅಂತ ಕೇಳಿ. ಹಾಗೇ ಅವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಆ ಎರಡು ಮಾತ್ರೆಗಳ ಹೆಸರು ಬರೆದುಕೊಡಿ. ನಾಳೆಗೆ ಬಿಡಬೇಡಿ.

ನೀವು ಹೇಳಿದ ಚಿತ್ರ ಪೂರ್ತಿಯಾಗಿ ಡಿಲಿರಿಯಂಗೆ ಹೊಂದುತ್ತದೆ. ನಮ್ಮ ಅಜ್ಜಿಯರು ಇದನ್ನು ಸನ್ನಿ ಅನ್ನುತ್ತಿದ್ದರು. ಜ್ವರ ಏರಿದಾಗ ಬಡಬಡಿಸುವುದು, ಇಲ್ಲದ್ದನ್ನು ಕಾಣುವುದು, ಎದ್ದು ಓಡುವುದು. ಅವರ ಕಾಲಕ್ಕೆ ಪರೀಕ್ಷೆಗಳಿರಲಿಲ್ಲ, ಆದರೆ ಇದು ಹುಚ್ಚಲ್ಲ, ಮೈಯಲ್ಲಿ ಏನೋ ಕೆಟ್ಟಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಇವತ್ತಿನ ವೈದ್ಯಶಾಸ್ತ್ರ ಹೇಳುವುದೂ ಅದನ್ನೇ. ದೇಹದಲ್ಲಿ ಎಲ್ಲೋ ತೊಂದರೆಯಾಗಿದೆ, ವಯಸ್ಸಾದ ಮೆದುಳು ಅದನ್ನು ತಾಳಲಾರದೆ ಹಳಿ ತಪ್ಪಿದೆ.

ಡಿಲಿರಿಯಂ ಬೇರೆ, ಡಿಮೆನ್ಷಿಯಾ ಬೇರೆ. ಡಿಮೆನ್ಷಿಯಾ, ಅಂದರೆ ನಿಮ್ಮ ಚಿಕ್ಕಪ್ಪ ಹೇಳಿದ ಅರಳು ಮರಳು, ತಿಂಗಳು, ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಬರುತ್ತದೆ. ಇದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬಂದು ಎದುರಿಗೆ ನಿಲ್ಲುತ್ತದೆ. ಬೆಳಗ್ಗೆ ಸರಿ, ಸಂಜೆ ಕೆಟ್ಟದ್ದು, ರಾತ್ರಿ ಇನ್ನೂ ಕೆಟ್ಟದ್ದು ಅಂತ ಏರಿಳಿಯುತ್ತದೆ. ಗಮನ ಒಂದು ಕಡೆ ನಿಲ್ಲುವುದೇ ಇಲ್ಲ. ವಾರದ ದಿನಗಳನ್ನು ಹಿಂದಿನಿಂದ ಹೇಳಿ ಅಂದರೆ ಭಾನುವಾರ, ಶನಿವಾರ ಅಂತ ಶುರುಮಾಡಿ ಅಲ್ಲೇ ಕಳೆದುಹೋಗುತ್ತಾರೆ. ಡಾಕ್ಟರುಗಳು ಇದನ್ನು ಗುರುತಿಸಲು 1990ರಿಂದ ಒಂದು ಸರಳ ವಿಧಾನ ಬಳಸುತ್ತಿದ್ದಾರೆ. ಹಠಾತ್ತಾಗಿ ಬಂದು ಏರಿಳಿಯುತ್ತಿದೆಯಾ, ಗಮನ ನಿಲ್ಲುತ್ತಿಲ್ಲವಾ, ಇವೆರಡರ ಜೊತೆಗೆ ಮಾತು ದಿಕ್ಕುತಪ್ಪಿದೆಯಾ ಅಥವಾ ಎಚ್ಚರದ ಮಟ್ಟ ಬದಲಾಗಿದೆಯಾ, ಇಷ್ಟೇ. ಐದು ನಿಮಿಷದ ಕೆಲಸ. ಸ್ಕ್ಯಾನ್ ಬೇಕಾಗಿಲ್ಲ. ಆದರೆ ‘ಇವರು ಮೊದಲು ಹೀಗಿರಲಿಲ್ಲ, ಮನೆ ಲೆಕ್ಕ ನೋಡುತ್ತಿದ್ದರು’ ಅಂತ ಹೇಳುವವರು ಒಬ್ಬರು ಬೇಕೇ ಬೇಕು. ಮೊದಲ ಸಲ ಅವರನ್ನು ನೋಡುತ್ತಿರುವ ಡಾಕ್ಟರಿಗೆ ಅದು ಗೊತ್ತಿರುವುದಿಲ್ಲ. 78ರ ಮುದುಕರು, ಮೊದಲಿಂದಲೂ ಹೀಗೇ ಇರಬೇಕು ಅಂದುಕೊಂಡುಬಿಡುವ ಸಾಧ್ಯತೆ ಇದೆ.

‘ಈ ವಯಸ್ಸಿಗೆ ಮಾಮೂಲು’ ಅಂದರಲ್ಲ, ಅದರಲ್ಲಿ ಅರ್ಧ ನಿಜ. ಸೊಂಟದ ಮೂಳೆ ಮುರಿದವರಲ್ಲಿ ಇದು ತುಂಬಾ ಜನಕ್ಕೆ ಆಗುತ್ತದೆ. ಆದರೆ ತುಂಬಾ ಜನಕ್ಕೆ ಆಗುತ್ತದೆ ಅಂದಮಾತ್ರಕ್ಕೆ ಅದು ಸಹಜ ಅಲ್ಲ, ನೋಡದೆ ಬಿಡುವಂಥದ್ದೂ ಅಲ್ಲ. ಎದೆನೋವು ಎಷ್ಟು ಜನಕ್ಕೆ ಬಂದರೂ ಬಂದ ಪ್ರತಿಯೊಬ್ಬರಿಗೂ ಪರೀಕ್ಷೆ ಮಾಡುತ್ತೇವೆ, ಅಲ್ವಾ? ವಯಸ್ಸಾದವರ ವಿಷಯದಲ್ಲಿ ಹಠಾತ್ತಾಗಿ ಬುದ್ಧಿ ಕದಡುವುದು ಅಷ್ಟೇ ತುರ್ತಿನ ವಿಷಯ. ಎಷ್ಟೋ ಸಲ ನ್ಯುಮೋನಿಯಾ ಆದ ವಯಸ್ಸಾದವರಿಗೆ ಜ್ವರ, ಕೆಮ್ಮು ಏನೂ ಇರುವುದಿಲ್ಲ, ಈ ಗೊಂದಲ ಒಂದೇ ಮೊದಲ ಗುರುತು.

ಈಗ ಅಣ್ಣನ ಮಾತಿಗೆ ಬರೋಣ. ಅರಿವಳಿಕೆಯಿಂದ ಹೀಗಾಯಿತು ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಒಂದು ಕಾಲಕ್ಕೆ ನಾವು ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದೆವು. ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದರೆ ಮೆದುಳಿಗೆ ಒಳ್ಳೆಯದು ಅಂತ. ಕೇಳಲು ಸರಿಯೇ ಅನ್ನಿಸುತ್ತದೆ. ಅದು ನಿಜವಾ ಅಂತ 2021ರಲ್ಲಿ ಎರಡು ದೊಡ್ಡ ಪ್ರಯೋಗಗಳು ನೋಡಿದವು, ಎರಡೂ ಸೊಂಟದ ಮೂಳೆ ಮುರಿದವರ ಮೇಲೇ. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ‘ರಿಗೇನ್’ ಅನ್ನುವ ಅಧ್ಯಯನದಲ್ಲಿ 1600 ರೋಗಿಗಳಿದ್ದರು, ಅವರ ಸರಾಸರಿ ವಯಸ್ಸು 78, ನಿಮ್ಮ ಅಪ್ಪನ ವಯಸ್ಸೇ. ಯಾರಿಗೆ ಯಾವ ಅರಿವಳಿಕೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಬೆನ್ನಿನ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 20.5 ಜನಕ್ಕೆ ಡಿಲಿರಿಯಂ ಆಯಿತು, ಪೂರ್ತಿ ಅರಿವಳಿಕೆ ತೆಗೆದುಕೊಂಡವರಲ್ಲಿ 19.7. ವ್ಯತ್ಯಾಸವೇ ಇಲ್ಲ ಅನ್ನಬಹುದು. ಚೀನಾದಲ್ಲಿ 65 ದಾಟಿದ 950 ಜನರ ಮೇಲೆ ನಡೆದ ‘ರಾಗಾ’ ಅಧ್ಯಯನದಲ್ಲಿ ಒಟ್ಟು ಸಂಖ್ಯೆ ಕಡಿಮೆ ಇತ್ತು, 6.2 ಮತ್ತು 5.1, ಆದರೆ ಅಲ್ಲೂ ಎರಡು ಗುಂಪುಗಳ ನಡುವೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಸಿಗಲಿಲ್ಲ. ಎಷ್ಟೋ ಜನ ಆಪರೇಷನ್‌ಗೆ ಮೊದಲೇ, ಮೂಳೆ ಮುರಿದ ನೋವಿನಲ್ಲೇ ಡಿಲಿರಿಯಂಗೆ ಜಾರಿರುತ್ತಾರೆ ಅನ್ನುವುದನ್ನೂ ನೆನಪಿಡಿ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ‘ನಾವು ಆಪರೇಷನ್‌ಗೆ ಒಪ್ಪಬಾರದಿತ್ತು’ ಅಂತ ಮಕ್ಕಳು ವರ್ಷಗಟ್ಟಲೆ ಕೊರಗುವುದನ್ನು ನೋಡಿದ್ದೇನೆ. ನೀವು ಬೇಗ ಆಪರೇಷನ್ ಮಾಡಿಸಿದ್ದು ಸರಿಯಾದ ಕೆಲಸ. ಅಣ್ಣನಿಗೂ ಹೇಳಿ. ಮೂಳೆ ಮುರಿದು ಹಾಗೇ ಮಲಗಿದ್ದರೆ ನೋವು, ಶ್ವಾಸಕೋಶದ ಸೋಂಕು, ಬೆನ್ನಹುಣ್ಣು, ರಕ್ತ ಹೆಪ್ಪುಗಟ್ಟುವುದು ಎಲ್ಲವೂ ಬರುತ್ತಿದ್ದವು.

ಹಾಗಾದರೆ ಆಗಿದ್ದೇನು? ಒಂದೇ ಕಾರಣ ಇರುವುದು ಅಪರೂಪ. ಒಣಗಿದ ಹುಲ್ಲಿನ ಬಣವೆ ಇದ್ದರೆ ಒಂದು ಕಿಡಿ ಸಾಕು, ಹಸಿ ಹುಲ್ಲಿಗೆ ಹತ್ತು ಕಿಡಿ ಬೇಕು. ವಯಸ್ಸು, ಸ್ವಲ್ಪ ಸ್ವಲ್ಪ ಮರೆವು, ಕಿವಿ ಮಂದ, ಕಣ್ಣು ಮಂದ, ಇವೆಲ್ಲ ಒಣಹುಲ್ಲು. ಅದರ ಮೇಲೆ ಬೀಳುವ ಕಿಡಿಗಳು ಯಾವುವು ಅಂತ 1996ರಲ್ಲಿ ಶರೋನ್ ಇನೋಯೆ ಅನ್ನುವ ಅಮೆರಿಕದ ವೈದ್ಯೆ ಮತ್ತು ಅವರ ಸಹೋದ್ಯೋಗಿ ಲೆಕ್ಕ ಹಾಕಿ ತೋರಿಸಿದರು. ಅವರು ಐದು ಸಂಗತಿಗಳನ್ನು ಗುರುತಿಸಿದರು. ರೋಗಿಯನ್ನು ಕಟ್ಟಿಹಾಕುವುದು, ಪೌಷ್ಟಿಕಾಂಶದ ಕೊರತೆ, ಒಟ್ಟೊಟ್ಟಿಗೆ ಮೂರಕ್ಕಿಂತ ಹೆಚ್ಚು ಹೊಸ ಔಷಧ ಸೇರಿಸುವುದು, ಮೂತ್ರದ ಪೈಪ್ ಹಾಕುವುದು, ಮತ್ತು ಚಿಕಿತ್ಸೆಯಿಂದಲೇ ಆಗುವ ಯಾವುದಾದರೂ ತೊಂದರೆ. ಈ ಐದೂ ಆಸ್ಪತ್ರೆಗೆ ಸೇರಿದ ಮೇಲೆ ನಡೆಯುವಂಥವು. ಮುಪ್ಪನ್ನು ನಾವು ತಪ್ಪಿಸಲಾರೆವು, ಇವುಗಳಲ್ಲಿ ಎಷ್ಟನ್ನೋ ತಪ್ಪಿಸಬಹುದು.

ನಿಮ್ಮ ಅಪ್ಪನ ವಿಷಯದಲ್ಲಿ ನಾನಾಗಿದ್ದರೆ ಮೊದಲು ಆ ನಿದ್ದೆ ಮಾತ್ರೆಯ ಹಿಂದೆ ಹೋಗುತ್ತಿದ್ದೆ. ವರ್ಷಗಟ್ಟಲೆ ಪ್ರತಿ ರಾತ್ರಿ ತೆಗೆದುಕೊಂಡ ಮಾತ್ರೆ ಆಸ್ಪತ್ರೆ ಸೇರಿದ ದಿನ ನಿಂತುಹೋಗಿರಬಹುದು, ಯಾಕೆಂದರೆ ಅದರ ಬಗ್ಗೆ ಯಾರೂ ಹೇಳಿರುವುದಿಲ್ಲ. ಅಲ್ಪ್ರಜೋಲಂ, ಡಯಾಜಿಪಾಂ, ಲೋರಾಜಿಪಾಂ ಗುಂಪಿನ ಮಾತ್ರೆ ಹಠಾತ್ತಾಗಿ ನಿಂತರೆ ಕೆಲವೇ ದಿನಗಳಲ್ಲಿ ನಡುಕ, ಬೆವರು, ಭ್ರಮೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ದಿನಾ ಮದ್ಯ ಕುಡಿಯುವ ಅಭ್ಯಾಸ ಇದ್ದು ಅದು ನಿಂತಾಗಲೂ ಇದೇ ಕಥೆ. ಅಂಥದ್ದೇನಾದರೂ ಇದ್ದರೆ ಸಂಕೋಚ ಪಡದೆ ಹೇಳಿ, ಚಿಕಿತ್ಸೆಯೇ ಬೇರೆಯಾಗುತ್ತದೆ. ಎರಡನೆಯದು ಆ ಮೂತ್ರದ ಮಾತ್ರೆ. ಆ ಕೆಲಸಕ್ಕೆ ಕೊಡುವ ಆಕ್ಸಿಬ್ಯುಟಿನಿನ್‌ನಂಥ ಔಷಧಗಳು ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕದ ಕೆಲಸಕ್ಕೂ ಅಡ್ಡ ಬರುತ್ತವೆ. ಗಮನಕ್ಕೆ, ನೆನಪಿಗೆ ಬೇಕಾದದ್ದೇ ಅದು. ನೆಗಡಿ, ತುರಿಕೆಗೆ ಕೊಡುವ ಹಳೆಯ ಅಲರ್ಜಿ ಮಾತ್ರೆಗಳೂ ಇದೇ ಜಾತಿ. ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಗಳ ಪಟ್ಟಿ ಒಂದಿದೆ, ಬಿಯರ್ಸ್ ಪಟ್ಟಿ ಅಂತ, 1991ರಲ್ಲಿ ಮೊದಲು ಬಂತು, ಆಗಾಗ ತಿದ್ದುತ್ತಾ ಇರುತ್ತಾರೆ. ನಾನು ಹೇಳಿದ ಈ ಮಾತ್ರೆಗಳೆಲ್ಲ ಅದರಲ್ಲಿವೆ. ಆದರೆ ದಯವಿಟ್ಟು ಇದನ್ನು ಓದಿ ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಶುರುವೂ ಮಾಡಬೇಡಿ. ನಿದ್ದೆ ಮಾತ್ರೆಯನ್ನಂತೂ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಆಮೇಲೆ ಸಣ್ಣವು ಅನ್ನಿಸುವ ಕಾರಣಗಳು. ಮೂತ್ರ ಕಟ್ಟಿಕೊಂಡಿರುವುದು. ನಾಲ್ಕೈದು ದಿನ ಮಲವಿಸರ್ಜನೆ ಆಗದೇ ಇರುವುದು. ನೀರು ಸಾಲದೆ ಒಣಗಿರುವುದು. ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಆಮ್ಲಜನಕ ಕಡಿಮೆ ಇರುವುದು, ಸಕ್ಕರೆ ಏರುಪೇರು, ಸೋಂಕು, ರಕ್ತಹೀನತೆ. ಇವೆಲ್ಲ ಸಾಮಾನ್ಯ ರಕ್ತಪರೀಕ್ಷೆ, ಹೊಟ್ಟೆ ಮುಟ್ಟಿ ನೋಡುವುದು, ಎದೆಗೆ ಸ್ಟೆತಾಸ್ಕೋಪ್ ಇಡುವುದು, ಇಷ್ಟರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತವೆ. ಅಪರೂಪಕ್ಕೆ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶಕ್ಕೆ ಹೆಪ್ಪು ಹೋಗಿರುವುದು ಕೂಡ ಹೀಗೆ ತೋರಿಸಿಕೊಳ್ಳುತ್ತದೆ. ಅವರು ಬಿದ್ದಾಗ ತಲೆಗೂ ಏಟಾಗಿತ್ತಾ ಅನ್ನುವುದನ್ನು ಮರೆಯದೆ ಹೇಳಿ. ಆಗಿದ್ದರೆ ತಲೆಯ ಸ್ಕ್ಯಾನ್ ಬೇಕಾಗುತ್ತದೆ.

ನೋವಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನೋವಿನ ಬಲವಾದ ಔಷಧದಿಂದ ತಲೆ ಕೆಡುತ್ತದೆ ಅಂತ ಎಷ್ಟೋ ಮನೆಯವರು ಬೇಡ ಅನ್ನುತ್ತಾರೆ. ಆ ಔಷಧ ಜಾಸ್ತಿಯಾದರೆ ಅದೂ ಕಾರಣ ಆಗಬಹುದು, ನಿಜ. ಅದರಲ್ಲೂ ಪೆಥಿಡಿನ್ ವಯಸ್ಸಾದವರಿಗೆ ಒಳ್ಳೆಯದಲ್ಲ. ಆದರೆ ಸೊಂಟದ ಮೂಳೆ ಮುರಿದವರ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೀರಾ ಕಡಿಮೆ ನೋವಿನ ಔಷಧ ಸಿಕ್ಕವರಿಗೇ ಡಿಲಿರಿಯಂ ಹೆಚ್ಚಾಗಿ ಬಂದದ್ದನ್ನು ತೋರಿಸಿತು. ನೋವು ಅಂತ ಬಾಯಿಬಿಟ್ಟು ಹೇಳಲಾರದವರು ಮುಖ ಕಿವುಚುತ್ತಾರೆ, ಮಗ್ಗುಲು ಬದಲಿಸುವಾಗ ಕೈ ತಳ್ಳುತ್ತಾರೆ, ಬೈಯುತ್ತಾರೆ. ಅದನ್ನು ನಾವು ಗಲಾಟೆ ಅಂತ ಬರೆದುಕೊಂಡು ನಿದ್ದೆ ಇಂಜೆಕ್ಷನ್ ಕೊಟ್ಟುಬಿಡುತ್ತೇವೆ. ಪ್ಯಾರಾಸಿಟಮಾಲ್ ಅನ್ನೇ ಹೊತ್ತು ಹೊತ್ತಿಗೆ ಸರಿಯಾಗಿ ಕೊಟ್ಟರೂ ಎಷ್ಟೋ ವ್ಯತ್ಯಾಸ ಆಗುತ್ತದೆ. ತೊಡೆಯ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆಯಾ ಅಂತಲೂ ಕೇಳಬಹುದು.

ಇನ್ನು ಆ ಮಂಪರಿನ ವಿಷಯ. ಡಿಲಿರಿಯಂ ಎರಡು ಮುಖದಲ್ಲಿ ಬರುತ್ತದೆ. ಒಂದು ಕೂಗಾಡುವ, ಎದ್ದು ಓಡುವ ರೂಪ, ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇನ್ನೊಂದು ಸುಮ್ನೆ ಮಲಗಿರುವ, ಕರೆದರೆ ತಡವಾಗಿ ಕಣ್ಣು ಬಿಡುವ, ಒಂದು ತುತ್ತು ಬಾಯಲ್ಲಿ ಇಟ್ಟುಕೊಂಡು ನುಂಗುವುದನ್ನೇ ಮರೆಯುವ ರೂಪ. ಎರಡನೆಯದು ವಯಸ್ಸಾದವರಲ್ಲಿ ತುಂಬಾ ಸಾಮಾನ್ಯ, ಮತ್ತು ಕೈತಪ್ಪಿ ಹೋಗುವುದೂ ಅದೇ. ಸುಸ್ತು ಅನ್ನುತ್ತಾರೆ, ಬೇಜಾರು ಅನ್ನುತ್ತಾರೆ, ‘ಇವತ್ತು ಶಾಂತವಾಗಿದ್ದಾರೆ’ ಅಂತ ಸಮಾಧಾನ ಪಡುತ್ತಾರೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ವಯಸ್ಸಾದ ತಾಯಿಯನ್ನು ಮೂರು ದಿನ ಹೀಗೇ ದಾಟಿಕೊಂಡು ಹೋದೆ. ಏನೂ ಕೇಳುತ್ತಿರಲಿಲ್ಲ, ಏನೂ ತೊಂದರೆ ಕೊಡುತ್ತಿರಲಿಲ್ಲ. ನಾಲ್ಕನೇ ದಿನ ಅವರ ಮಗಳು ಬಂದು ‘ನಮ್ಮಮ್ಮ ಇಷ್ಟು ಸುಮ್ಮನಿರುವವರಲ್ಲ ಡಾಕ್ಟ್ರೇ’ ಅಂದಾಗ ಹೊಟ್ಟೆ ಮುಟ್ಟಿ ನೋಡಿದೆ. ಮೂತ್ರಕೋಶ ಕಲ್ಲಿನ ಹಾಗೆ ಬಿಗಿದಿತ್ತು. ಆ ಮಗಳ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಿಮ್ಮ ಅಪ್ಪನ ಮಂಪರು ಆ ರಾತ್ರಿಯ ಇಂಜೆಕ್ಷನ್‌ನಿಂದ ಇರಬಹುದು, ವಯಸ್ಸಾದವರ ದೇಹದಿಂದ ಅದು ಇಳಿಯಲು ದಿನಗಳೇ ಬೇಕು. ಅಥವಾ ಡಿಲಿರಿಯಂ ರೂಪ ಬದಲಿಸಿರಬಹುದು. ಅಥವಾ ಎದೆಯಲ್ಲಿ ಸೋಂಕು ಶುರುವಾಗಿರಬಹುದು. ನಾನು ಇಲ್ಲಿ ಕುಳಿತು ಯಾವುದು ಅಂತ ಹೇಳಲಾರೆ. ಆದರೆ ಇದನ್ನು ಗುಣ ಅಂತ ಎಣಿಸಬೇಡಿ.

ಈಗ ನಿಮ್ಮ ದೊಡ್ಡ ಪ್ರಶ್ನೆ, ರಾತ್ರಿಗೆ ಇಂಜೆಕ್ಷನ್ ಕೇಳಬೇಕಾ ಬೇಡವಾ.

ಡಿಲಿರಿಯಂ ಅನ್ನು ವಾಸಿ ಮಾಡುವ ಔಷಧ ಇವತ್ತಿನವರೆಗೆ ಇಲ್ಲ. ಮನೋರೋಗಕ್ಕೆ ಕೊಡುವ ಹ್ಯಾಲೋಪೆರಿಡಾಲ್ ಅನ್ನುವ ಔಷಧವನ್ನು ದಶಕಗಟ್ಟಲೆ ಕೊಟ್ಟೆವು, ಕೆಲಸ ಮಾಡುತ್ತದೆ ಅನ್ನುವ ನಂಬಿಕೆಯಿಂದ. 2018ರಲ್ಲಿ ತೀವ್ರ ನಿಗಾ ಘಟಕದ 566 ರೋಗಿಗಳ ಮೇಲೆ ಅದನ್ನೂ ಅದರ ಜಾತಿಯ ಜಿಪ್ರಾಸಿಡಾನ್ ಅನ್ನೂ ಔಷಧವಿಲ್ಲದ ಹುಸಿ ಇಂಜೆಕ್ಷನ್ ಜೊತೆ ಹೋಲಿಸಿ ನೋಡಿದರು. ಡಿಲಿರಿಯಂ ಒಂದು ದಿನವೂ ಬೇಗ ಇಳಿಯಲಿಲ್ಲ. ಅದಕ್ಕೂ ಮೊದಲು 2017ರಲ್ಲಿ, ಗುಣವಾಗದ ಕಾಯಿಲೆಯಿಂದ ಕೊನೆಯ ಹಂತದಲ್ಲಿದ್ದು ಡಿಲಿರಿಯಂ ಬಂದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದಲ್ಲಿ ಹ್ಯಾಲೋಪೆರಿಡಾಲ್ ಅಥವಾ ಅದೇ ಜಾತಿಯ ರಿಸ್ಪೆರಿಡೋನ್ ತೆಗೆದುಕೊಂಡವರ ಲಕ್ಷಣಗಳು ಹುಸಿ ಔಷಧ ತೆಗೆದುಕೊಂಡವರಿಗಿಂತ ಕೆಟ್ಟದಾಗಿದ್ದವು. ಈ ಎರಡು ಗುಂಪಿನ ರೋಗಿಗಳೂ ನಿಮ್ಮ ಅಪ್ಪನಂಥವರಲ್ಲ, ಹಾಗಾಗಿ ಆ ಫಲಿತಾಂಶವನ್ನು ಇದ್ದಹಾಗೇ ಅವರಿಗೆ ಅಂಟಿಸಲು ಆಗುವುದಿಲ್ಲ. ಆದರೂ ಈ ಔಷಧಗಳಿಂದ ಡಿಲಿರಿಯಂ ಬೇಗ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಯಾವ ಕಡೆಯಿಂದಲೂ ಸಿಕ್ಕಿಲ್ಲ. ಅಪಾಯಗಳಂತೂ ಇವೆ. ಮೈ ಬಿಗಿಯುವುದು, ನುಂಗಲು ಕಷ್ಟವಾಗುವುದು, ಹೃದಯದ ಬಡಿತ ತಪ್ಪುವುದು, ಮತ್ತೆ ಬೀಳುವುದು. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಈ ಗುಂಪಿನ ಔಷಧಗಳಿಂದ ಸಾವು ಹೆಚ್ಚಾಗುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಹೊಸ ಔಷಧಗಳಿಗೆ, 2008ರಲ್ಲಿ ಹಳೆಯವಕ್ಕೂ, ಎಚ್ಚರಿಕೆ ಹಾಕಿತು.

ಹಾಗಾದರೆ ಎಂದೂ ಬೇಡವಾ ಅಂದರೆ, ಹಾಗಲ್ಲ. ರೋಗಿ ಭಯದಿಂದ ನರಳುತ್ತಿದ್ದರೆ, ಬೇಕೇ ಬೇಕಾದ ಟ್ಯೂಬುಗಳನ್ನು ಕೀಳುತ್ತಿದ್ದರೆ, ತಮಗೋ ಬೇರೆಯವರಿಗೋ ಪೆಟ್ಟು ಮಾಡಿಕೊಳ್ಳುವ ಹಾಗಿದ್ದರೆ, ಬೇರೆ ಎಲ್ಲ ದಾರಿ ನೋಡಿ ಆಗಿದ್ದರೆ, ತೀರಾ ಸಣ್ಣ ಡೋಸ್ ನಾನೂ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ. ಆದರೆ ಅದು ಒಂದೆರಡು ದಿನದ ಮಟ್ಟಿಗೆ. ಆರೈಕೆ ಮಾಡುವವರಿಗೆ ರಾತ್ರಿ ಸುಲಭವಾಗಲಿ ಅಂತ ಕೊಡುವ ಔಷಧ ಅಲ್ಲ ಅದು. ಕೊಟ್ಟರೆ ‘ಯಾವ ದಿನ ನಿಲ್ಲಿಸುತ್ತೀರಿ?’ ಅಂತ ಅದೇ ದಿನ ಕೇಳಿ. ಲೋರಾಜಿಪಾಂ, ಮಿಡಜೋಲಂ ಥರದ್ದು ಸಾಮಾನ್ಯವಾಗಿ ಡಿಲಿರಿಯಂ ಅನ್ನು ಇನ್ನೂ ಎಳೆಯುತ್ತದೆ. ನಿದ್ದೆ ಮಾತ್ರೆ ಅಥವಾ ಮದ್ಯ ಹಠಾತ್ತಾಗಿ ನಿಂತು ಬಂದ ಡಿಲಿರಿಯಂ ಆದರೆ ಮಾತ್ರ ಅದೇ ಚಿಕಿತ್ಸೆ. ನಿದ್ದೆ ಮಾತ್ರೆಯ ವಿಷಯ ಡಾಕ್ಟರಿಗೆ ಗೊತ್ತಾಗಲೇಬೇಕು ಅಂದದ್ದು ಇದಕ್ಕೇ. ನೆನಪಿನ ಶಕ್ತಿಗೆ ಕೊಡುವ ಮಾತ್ರೆ ಈಗಲೇ ಶುರುಮಾಡೋಣವಾ ಅಂತ ಕೆಲವರು ಕೇಳುತ್ತಾರೆ. ಅಂಥ ಒಂದು ಔಷಧ, ರಿವಾಸ್ಟಿಗ್ಮಿನ್, ತೀವ್ರ ನಿಗಾ ಘಟಕದ ಡಿಲಿರಿಯಂ ರೋಗಿಗಳ ಮೇಲೆ ಪ್ರಯೋಗಿಸಿದಾಗ ಔಷಧ ಪಡೆದವರಲ್ಲೇ ಸಾವು ಹೆಚ್ಚಾಗಿ ಕಂಡು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು, 2010ರಲ್ಲಿ ಅದು ವರದಿಯಾಯಿತು. ಬೇಡ.

ಕೈ ಕಟ್ಟುವುದು ಇನ್ನೂ ಕೆಟ್ಟದ್ದು. ಅವರ ಜಾಗದಲ್ಲಿ ನಿಂತು ನೋಡಿ. ಗುರುತಿಲ್ಲದ ಜಾಗ, ಕನ್ನಡಕ ಇಲ್ಲದೆ ಎಲ್ಲವೂ ಮಸುಕು, ಕಿವಿ ಕೇಳುತ್ತಿಲ್ಲ, ಮಧ್ಯರಾತ್ರಿ ಯಾರೋ ಬಂದು ಕೈ ಹಿಡಿದು ಕಟ್ಟುತ್ತಿದ್ದಾರೆ. ಯಾರಾದರೂ ಕೂಗಿಕೊಳ್ಳುತ್ತಾರೆ. ಯಾಕೆ ಕಟ್ಟಿದ್ದೀರಿ ಅಂತ ಜಗಳಕ್ಕೆ ಹೋಗಬೇಡಿ, ಆ ರಾತ್ರಿ ಅಲ್ಲಿದ್ದ ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡುತ್ತಿದ್ದರೋ ಏನೋ. ‘ರಾತ್ರಿ ನಾವು ಒಬ್ಬರು ಪಕ್ಕದಲ್ಲೇ ಕೂರುತ್ತೇವೆ, ಕಟ್ಟುವುದು ಬೇಡ’ ಅನ್ನಿ. ಒಪ್ಪುವವರೇ ಹೆಚ್ಚು.

ನಿಜಕ್ಕೂ ಕೆಲಸ ಮಾಡುವುದು ಏನು ಅನ್ನುವುದಕ್ಕೆ ಉತ್ತರ 1999ರಲ್ಲಿ ಸಿಕ್ಕಿತು. ಅದೇ ಇನೋಯೆ ಅವರ ತಂಡ 70 ದಾಟಿದ 852 ರೋಗಿಗಳನ್ನು ಎರಡು ಗುಂಪಾಗಿ ನೋಡಿತು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದಕ್ಕೆ ಕನ್ನಡಕ, ಕಿವಿ ಮಷೀನು ಹಾಕಿಸುವುದು, ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ದಿನಕ್ಕೆ ಹಲವು ಸಲ ಮಾತಾಡಿಸುವುದು, ಎಬ್ಬಿಸಿ ನಡೆಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆ ಮಾತ್ರೆಯ ಬದಲು ಬೆಚ್ಚಗಿನ ಪಾನೀಯ, ಬೆನ್ನು ನೀವುವುದು, ಸದ್ದು ಕಡಿಮೆ ಮಾಡುವುದು. ಮಾಮೂಲಿ ಗುಂಪಿನಲ್ಲಿ ನೂರಕ್ಕೆ 15 ಜನಕ್ಕೆ ಡಿಲಿರಿಯಂ ಬಂದರೆ, ಈ ಗುಂಪಿನಲ್ಲಿ 9.9. ಮುಂದೆ 2001ರಲ್ಲಿ ಸೊಂಟದ ಮೂಳೆ ಮುರಿದ 126 ಜನರ ಮೇಲೆ, ವೃದ್ಧರ ಆರೈಕೆಯ ತಜ್ಞರು ದಿನಾ ಬಂದು ನೋಡುವ ವ್ಯವಸ್ಥೆ ಮಾಡಿದಾಗ ಡಿಲಿರಿಯಂ ನೂರಕ್ಕೆ 50ರಿಂದ 32ಕ್ಕೆ ಇಳಿಯಿತು. ಒಂದು ವಿಷಯ ಮುಚ್ಚಿಡದೆ ಹೇಳಬೇಕು. 1999ರ ಅಧ್ಯಯನದಲ್ಲಿ ಈ ಆರೈಕೆ ಡಿಲಿರಿಯಂ ಬರದಂತೆ ತಡೆಯಿತು, ಒಮ್ಮೆ ಬಂದಮೇಲೆ ಅದರ ತೀವ್ರತೆಯನ್ನು ಅಷ್ಟಾಗಿ ತಗ್ಗಿಸಲಿಲ್ಲ. ಆದರೂ ಬಂದವರಿಗೂ ನಾವು ಇದನ್ನೇ ಮಾಡುತ್ತೇವೆ. ಇದರಿಂದ ಹಾನಿ ಇಲ್ಲ, ಬೀಳುವುದು, ನೀರು ಕಡಿಮೆಯಾಗುವುದು, ಬೆನ್ನಹುಣ್ಣು ತಪ್ಪುತ್ತವೆ, ಮತ್ತು ಭಯ ಕಡಿಮೆಯಾಗುವುದನ್ನು ಕಣ್ಣಾರೆ ಕಾಣುತ್ತೇವೆ.

ಹಾಗಾಗಿ ಇವತ್ತು ಸಂಜೆ ಆಸ್ಪತ್ರೆಗೆ ಹೋಗುವಾಗ ಕನ್ನಡಕ ಮತ್ತು ಕಿವಿ ಮಷೀನು ತಗೊಂಡು ಹೋಗಿ. ಮಷೀನಿನ ಬ್ಯಾಟರಿ ನೋಡಿಕೊಳ್ಳಿ. ದೊಡ್ಡ ಅಂಕಿಯ ಗಡಿಯಾರ ಒಂದನ್ನು ಅವರಿಗೆ ಕಾಣುವ ಹಾಗೆ ಇಡಿ. ಹತ್ತು ಜನ ಬಂದು ‘ನಾನ್ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡುವುದು ಬೇಡ, ಅದು ಅವರಿಗೆ ಅವಮಾನ, ಗಾಬರಿ ಎರಡೂ. ನೀವೇ ಹೇಳಿ, ‘ಅಪ್ಪಾ, ನಾನು ನಿನ್ನ ಮಗಳು, ಸೊಂಟಕ್ಕೆ ಆಪರೇಷನ್ ಆಗಿದೆ, ಇವತ್ತು ಇಂಥ ವಾರ’ ಅಂತ. ದಿನಕ್ಕೆ ಹತ್ತು ಸಲ ಹೇಳಬೇಕಾದರೂ ಹೇಳಿ. ಮಂಚದ ಕೆಳಗೆ ನೀರಿದೆ ಅಂದರೆ ಇಲ್ಲ ಅಂತ ವಾದಕ್ಕೆ ಇಳಿಯಬೇಡಿ, ಹೌದು ಇದೆ ಅಂತ ಒಪ್ಪಲೂ ಬೇಡಿ. ‘ನನಗೆ ಕಾಣುತ್ತಿಲ್ಲ ಅಪ್ಪ, ಆದರೆ ನಿನಗೆ ಭಯ ಆಗಿರಬೇಕು, ನಾನಿಲ್ಲೇ ಇದ್ದೀನಿ’ ಅನ್ನಿ, ಕೈ ಹಿಡಿದುಕೊಳ್ಳಿ. ಹಗಲಲ್ಲಿ ಬೆಳಕು ಬೀಳಲಿ, ಊಟಕ್ಕೆ ಎಬ್ಬಿಸಿ ಕೂರಿಸಲಿ, ಫಿಸಿಯೋಥೆರಪಿಯವರು ಒಪ್ಪಿದಷ್ಟು ನಡೆಸಲಿ. ಆದರೆ ಮಂಪರಿನಲ್ಲಿ ಇರುವಾಗ ಬಾಯಿಗೆ ಏನೂ ಹಾಕಬೇಡಿ, ನೀರು ಕೂಡ. ಪೂರ್ತಿ ಎಚ್ಚರವಿದ್ದು ನೆಟ್ಟಗೆ ಕೂತಾಗ ಮಾತ್ರ, ಸ್ವಲ್ಪ ಸ್ವಲ್ಪ. ಇಲ್ಲದಿದ್ದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಮೂತ್ರದ ಪೈಪ್ ಹಾಕಿದ್ದರೆ ‘ಇದು ಇನ್ನೂ ಬೇಕಾ, ಯಾವಾಗ ತೆಗೆಯುತ್ತೀರಿ?’ ಅಂತ ದಿನಾ ಕೇಳಿ, ಕೇಳದೆ ಇದ್ದರೆ ಅದು ಹಾಗೇ ಉಳಿದುಬಿಡುವುದುಂಟು. ರಾತ್ರಿಗೆ ಮನೆಯವರಲ್ಲಿ ಸರದಿ ಮಾಡಿಕೊಳ್ಳಿ. ನೀವೊಬ್ಬರೇ ಐದು ರಾತ್ರಿ ಎಚ್ಚರವಿದ್ದರೆ ಆರನೆಯ ರಾತ್ರಿ ನಿಮ್ಮ ಸಹನೆ ಉಳಿಯುವುದಿಲ್ಲ, ಅದು ನಿಮ್ಮ ತಪ್ಪೂ ಅಲ್ಲ.

ಮನೆಗೆ ಕರೆದುಕೊಂಡು ಹೋಗುವ ಬಗ್ಗೆ. ಗುರುತಿನ ಜಾಗ, ಗುರುತಿನ ಹಾಸಿಗೆ, ರಾತ್ರಿ ಸದ್ದಿಲ್ಲದ ಕೋಣೆ ಇವೆಲ್ಲ ಡಿಲಿರಿಯಂಗೆ ಒಳ್ಳೆಯದೇ. ಕೆಲವರು ಮನೆ ಸೇರಿದ ಎರಡೇ ದಿನದಲ್ಲಿ ತಿಳಿಯಾಗುವುದನ್ನು ನೋಡಿದ್ದೇನೆ. ಆದರೆ ಕಾರಣ ಹುಡುಕದೆ, ಇವತ್ತಿನ ಈ ಮಂಪರಿನಲ್ಲಿ ಕರೆದುಕೊಂಡು ಹೋಗುವುದಕ್ಕೆ ನಾನು ಒಪ್ಪುವುದಿಲ್ಲ. ನ್ಯುಮೋನಿಯಾ ಇದ್ದರೆ, ಸೋಡಿಯಂ ಇಳಿದಿದ್ದರೆ ಮನೆಯಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಕಾರಣ ಸಿಕ್ಕಿ ಚಿಕಿತ್ಸೆ ಶುರುವಾಗಿ, ಎಚ್ಚರವಾಗಿದ್ದು ನುಂಗಲು ಆಗುತ್ತಿದ್ದರೆ, ಇಬ್ಬರು ಹಿಡಿದು ಎಬ್ಬಿಸುವ ವ್ಯವಸ್ಥೆ ಮನೆಯಲ್ಲಿದ್ದರೆ, ಸ್ವಲ್ಪ ಗೊಂದಲ ಉಳಿದಿದ್ದರೂ ಹೋಗಬಹುದು. ಪೂರ್ತಿ ತಿಳಿಯಾಗಲಿ ಅಂತ ವಾರಗಟ್ಟಲೆ ಆಸ್ಪತ್ರೆಯಲ್ಲೇ ಇಟ್ಟುಕೊಂಡರೂ ಹೊಸ ಸೋಂಕಿನ ಭಯ ಇದ್ದೇ ಇದೆ. ಹೋಗುವ ದಿನ ಔಷಧದ ಚೀಟಿಯನ್ನು ಒಂದೊಂದಾಗಿ ಓದಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಗಲಾಟೆಗೆ ಅಂತ ಶುರುವಾದ ಮಾತ್ರೆ ಚೀಟಿಯಲ್ಲಿ ಉಳಿದು, ಮನೆಯಲ್ಲಿ ತಿಂಗಳುಗಟ್ಟಲೆ ನುಂಗಿಸುತ್ತಾ ಹೋದ ಎಷ್ಟೋ ಮನೆಗಳಿವೆ.

ಸರಿ ಹೋಗುತ್ತಾರಾ? ಹೆಚ್ಚಿನವರು ದಿನಗಳಲ್ಲಿ, ಇಲ್ಲವೇ ಕೆಲವು ವಾರಗಳಲ್ಲಿ ತಿಳಿಯಾಗುತ್ತಾರೆ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಕೆಲವರು ಮೊದಲಿನ ಮಟ್ಟಕ್ಕೆ ಪೂರ್ತಿ ಬರುವುದೇ ಇಲ್ಲ, ಇದನ್ನೂ ಹೇಳದೆ ಇರಲಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಡಿಲಿರಿಯಂ ಬಂದುಹೋದ ವೃದ್ಧರಿಗೆ ಮುಂದೆ ಡಿಮೆನ್ಷಿಯಾ ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ ಅಂತ ಕಂಡುಬಂತು. ಡಿಲಿರಿಯಂ ಮೆದುಳಿಗೆ ಹಾನಿ ಮಾಡುತ್ತದಾ, ಅಥವಾ ಒಳಗೇ ಬೆಳೆಯುತ್ತಿದ್ದ ಡಿಮೆನ್ಷಿಯಾವನ್ನು ಮೊದಲ ಸಲ ಹೊರಗೆ ತೋರಿಸುತ್ತದಾ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ, ಬಹುಶಃ ಎರಡೂ ಇವೆ. ನಿಮ್ಮ ಅಪ್ಪ ಒಂದು ವರ್ಷದಿಂದ ಹೆಸರು ಮರೆಯುತ್ತಿದ್ದರು ಅಂದಿರಲ್ಲ, ಅದಕ್ಕೆ ಮುಂದೆ ಒಂದು ಸರಿಯಾದ ಪರೀಕ್ಷೆ ಬೇಕು. ಆದರೆ ಈಗ ಅಲ್ಲ. ಈಗ ಪರೀಕ್ಷೆ ಮಾಡಿದರೆ ಯಾರಿಗೇ ಆದರೂ ಕೆಟ್ಟ ಅಂಕವೇ ಬರುತ್ತದೆ, ಆ ಹಣೆಪಟ್ಟಿ ಜೀವನವಿಡೀ ಅಂಟಿಕೊಳ್ಳುತ್ತದೆ. ಮೂರರಿಂದ ಆರು ತಿಂಗಳು ಬಿಟ್ಟು, ಅವರು ಓಡಾಡಲು ಶುರುಮಾಡಿದ ಮೇಲೆ ಮಾಡಿಸಿ. ಅಲ್ಲಿಯವರೆಗೆ ಮನೆಯಲ್ಲಿ ಯಾರೂ ಅರಳು ಮರಳು ಅನ್ನುವ ಮಾತನ್ನು ಅವರ ಮುಂದೆ ಆಡದಿರಲಿ. ಮುಂದೆ ಯಾವತ್ತಾದರೂ ಅವರಿಗೆ ಇನ್ನೊಂದು ಆಪರೇಷನ್ ಆಗುವ ಸಂದರ್ಭ ಬಂದರೆ, ‘ಹೋದ ಸಲ ಡಿಲಿರಿಯಂ ಆಗಿತ್ತು’ ಅಂತ ಮೊದಲೇ ಹೇಳಿ.

ಕೊನೆಗೊಂದು ವಿಷಯ, ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಡಿಲಿರಿಯಂನಲ್ಲಿ ಕಂಡದ್ದು ಎಷ್ಟೋ ಜನಕ್ಕೆ ಆಮೇಲೂ ನೆನಪಿರುತ್ತದೆ. ಚೂರು ಚೂರಾಗಿ, ಕೆಟ್ಟ ಕನಸಿನ ಹಾಗೆ. ಮಗಳಿಗೆ ಬೈದೆನಲ್ಲ, ಕೈ ಕಟ್ಟಿದರಲ್ಲ, ನನಗೆ ಹುಚ್ಚು ಹಿಡಿದಿತ್ತಾ ಅಂತ ಒಳಗೇ ಕೊರಗುತ್ತಾರೆ, ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ಅವರು ಸ್ವಲ್ಪ ಚೇತರಿಸಿಕೊಂಡ ಮೇಲೆ, ಪಕ್ಕದಲ್ಲಿ ಕೂತು ನೀವೇ ಮಾತು ತೆಗೆಯಿರಿ. ‘ಅಪ್ಪಾ, ಆಪರೇಷನ್ ಆದಮೇಲೆ ನಾಲ್ಕೈದು ದಿನ ನಿನಗೆ ಜ್ಞಾನ ಸರಿಯಿರಲಿಲ್ಲ, ಅದು ಕಾಯಿಲೆಯಿಂದ ಆಗಿದ್ದು, ನೀನು ಏನಂದೆಯೋ ಅದು ನೀನಲ್ಲ’ ಅಂತ ಹೇಳಿ. ಮಂಚದ ಕೆಳಗಿನ ನೀರಿನ ಬಗ್ಗೆ ಅವರಾಗಿಯೇ ಕೇಳಿದರೆ, ಆ ರಾತ್ರಿ ಏನೇನಾಯಿತೋ ಎಲ್ಲವನ್ನೂ ಇದ್ದಹಾಗೆ ಹೇಳಿಬಿಡಿ.